ಕಾಡಿನ ಸಾಲ ತೀರಿಸಬೇಕಾದವರು ಯಾರು?

ಕಳೆದ ತಪಸ್ಸುಕಾಲದ ಒಂದು ಭಾನುವಾರ. ಬಲಿಪೂಜೆ ಮುಗಿದು ಜನ ಚದುರುತ್ತಿದ್ದರು. ಹಳಿಯಾಳ ತಾಲೂಕಿನ ಕಾಡಂಚಿನ ಹಳ್ಳಿಯಿಂದ ಬರುವ, ಎಪ್ಪತ್ತು ದಾಟಿದ ಅಜ್ಜರೊಬ್ಬರು ಮೊಮ್ಮಗಳನ್ನು ಕರೆದುಕೊಂಡು ದೇವಾಲಯದ ಜಗಲಿಗೆ ಬಂದರು. ಹುಡುಗಿಯ ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟ ಒಂದು ಪ್ರಮಾಣಪತ್ರವಿತ್ತು. ಪಿಯುಸಿ ಮುಗಿಸಿದ ಆಕೆ ನರ್ಸರಿ ನಿರ್ವಹಣೆ ಮತ್ತು ಅರಣ್ಯ ಪುನರುಜ್ಜೀವನದ ಬಗ್ಗೆ ಕೆಲವು ದಿನಗಳ ತರಬೇತಿ ಪಡೆದಿದ್ದಳು. ತರಬೇತಿ ಮುಗಿದು ಎಂಟು ತಿಂಗಳಾಗಿತ್ತು. ಈ ಎಂಟು ತಿಂಗಳಲ್ಲಿ ಆಕೆಗೆ ಸಿಕ್ಕ ಕೆಲಸ ಒಂದೇ: ಪ್ರವಾಸಿಗರು ಬಂದು ತಂಗುವ ಒಂದು ಹೋಂಸ್ಟೇಯಲ್ಲಿ ಪಾತ್ರೆ ತೊಳೆಯುವುದು.

“ಫಾದರ್, ಇದನ್ನ ಎಲ್ಲಿ ತೋರಿಸಬೇಕ್ರಿ?” ಎಂದು ಆಕೆ ಕೇಳಿದಳು.

ನಾನು ಪ್ರಮಾಣಪತ್ರವನ್ನು ನೋಡುತ್ತಿದ್ದಾಗ ಅಜ್ಜ ನಿಧಾನವಾಗಿ ಮಾತು ತೆಗೆದರು. “ನಾ ಹುಡುಗ ಇದ್ದಾಗ ಬಿದಿರು ಕಡೀರಿ ಅಂದ್ರು, ಕಡದ್ವಿ. ಆಮೇಲೆ ಕಾಡು ಬೋಳಿಸಿ ನೀಲಗಿರಿ ಹಚ್ಚರಿ ಅಂದ್ರು, ಹಚ್ಚಿದ್ವಿ. ಈಗ ಮೊದಲಿನ ಕಾಡೇ ಬೇಕು, ನಿಮ್ಮ ಮಕ್ಕಳು ಬರಲಿ, ಕಲಿಸ್ತೀವಿ ಅಂತಾರ. ನಾವು ಕಡದ ಪಾಪಕ್ಕ ಈ ಕೂಸು ದಂಡ ಕಟ್ಟಬೇಕೇನ್ರಿ ಫಾದರ್?”

ಇದು ಪಾಪನಿವೇದನೆಯಲ್ಲಿ ಹೇಳಿದ ಮಾತಲ್ಲ. ನಾಲ್ಕು ಜನರ ಎದುರು ಆಡಿದ ಮಾತು. ನಿಮ್ಮೆದುರು ಇಡಲು ಅವರ ಒಪ್ಪಿಗೆಯನ್ನೂ ಕೇಳಿದ್ದೇನೆ. ಅಂದು ನಾನು ಸುಲಭದ ಉತ್ತರ ಕೊಟ್ಟು ಕಳಿಸಿದೆ: “ಅಜ್ಜಾ, ಕಾಡು ದೇವರ ಸೃಷ್ಟಿ. ಅದನ್ನು ಕಾಯುವುದು ಪುಣ್ಯದ ಕೆಲಸ.” ಅವರು ತಲೆಯಾಡಿಸಿ ಹೊರಟುಹೋದರು. ಆದರೆ ಅವರು ಕೇಳಿದ್ದು ಪುಣ್ಯದ ವಿಷಯವಲ್ಲ, ನ್ಯಾಯದ ವಿಷಯ. ನಾನು ಆ ಪ್ರಶ್ನೆಗೆ ಉತ್ತರಿಸಲೇ ಇಲ್ಲ. ಆ ಉತ್ತರವನ್ನು ಈಗ ನಿಮ್ಮ ಜೊತೆಗೂಡಿ ಹುಡುಕಲು ಪ್ರಯತ್ನಿಸುತ್ತೇನೆ.

ಕಾಡಿನಿಂದ ಏನೇನು ಹೋಯಿತು?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ. ಈ ಹೆಸರು ಕೇಳಿದೊಡನೆ ಹೊರಗಿನವರ ಕಣ್ಣಮುಂದೆ ಬರುವುದು ಹಸಿರು, ಕಾಳಿ ನದಿ, ಮಂಗಟ್ಟೆ ಹಕ್ಕಿ. ಇಲ್ಲಿ ಹುಟ್ಟಿ ಬೆಳೆದವರಿಗೆ ಇನ್ನೊಂದು ಲೆಕ್ಕವೂ ಗೊತ್ತು. ಬ್ರಿಟಿಷರ ಕಾಲದಿಂದಲೂ ಇಲ್ಲಿಯ ಸಾಗುವಾನಿ ಹೊರಗೆ ಹೋಗಿದೆ. ಕಾಡಿನ ಒಂದು ತುಂಡನ್ನು ಸವರಿ, ಸುಟ್ಟು, ರಾಗಿ ಬಿತ್ತುವ ಕುಮ್ರಿ ಬೇಸಾಯದಿಂದ ಕಾಡು ಹಾಳಾಗುತ್ತದೆಂದು ಅದೇ ಸರಕಾರ ಅದನ್ನು ನಿರ್ಬಂಧಿಸಿತು. ಕಾಡಿನ ಜನರು ಕಡಿಯಬಾರದು, ಸರಕಾರ ಕಡಿಯಬಹುದು ಎಂಬ ನಿಯಮ ಆಗಲೇ ಹುಟ್ಟಿತು.

ಸ್ವಾತಂತ್ರ್ಯ ಬಂದ ಮೇಲೆ 1955ರಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಯ ಕಂಪನಿ ಸ್ಥಾಪನೆಯಾಗಿ, 1959ರಲ್ಲಿ ಉತ್ಪಾದನೆ ಶುರುವಾಯಿತು. ಸುತ್ತಲಿನ ಕಾಡಿನ ಬಿದಿರೇ ಅದಕ್ಕೆ ಕಚ್ಚಾವಸ್ತು. ಆಮೇಲೆ ಸೂಪಾ ಅಣೆಕಟ್ಟು ಬಂತು. 101 ಮೀಟರ್ ಎತ್ತರದ ಆ ಗೋಡೆಯ ಹಿಂದೆ ಸೂಪಾ ಎಂಬ ಊರೇ ಮುಳುಗಿತು. ನಿರಾಶ್ರಿತರಾದವರಲ್ಲಿ ಅನೇಕರು ರಾಮನಗರದಲ್ಲಿ ಹೊಸ ಬದುಕು ಕಟ್ಟಬೇಕಾಯಿತು. ಕಾಳಿಯ ಉದ್ದಕ್ಕೂ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳು ಎದ್ದವು. ಆ ವಿದ್ಯುತ್ತು ನಾಡನ್ನೆಲ್ಲ ಬೆಳಗಿತು. ಸಹಜ ಕಾಡನ್ನು ಬೋಳಿಸಿ ನೀಲಗಿರಿ ನೆಟ್ಟರು. ಮಳೆ ಹೆಚ್ಚಿರುವ ಕಡೆ ಆ ತೋಪುಗಳಿಗೆ ಶಿಲೀಂಧ್ರ ರೋಗ ತಗುಲಿ ಹಾಳಾದವು. ಆಮೇಲೆ ಅಕೇಶಿಯಾ ಬಂತು. 1983ರ ಸೆಪ್ಟೆಂಬರಿನಲ್ಲಿ ನೆರೆಯ ಶಿರಸಿ ತಾಲೂಕಿನ ಸಾಲ್ಕಣಿ ಕಾಡಿನಲ್ಲಿ ಜನ ಮರಗಳನ್ನು ಅಪ್ಪಿಕೊಂಡು ನಿಂತರು. ಅಪ್ಪಿಕೋ ಚಳುವಳಿ ಹುಟ್ಟಿದ್ದು ಹಾಗೆ.

ಈಗ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. 1956ರ ದಾಂಡೇಲಿ ಅಭಯಾರಣ್ಯ ಮತ್ತು 1987ರ ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಅದೇ ವರ್ಷ ಹಸಿರು ಉದ್ಯೋಗಗಳಿಗೆಂದೇ ರಾಷ್ಟ್ರಮಟ್ಟದ ಕೌಶಲ ಮಂಡಳಿಯೊಂದು ಹುಟ್ಟಿತು. ಕೇಂದ್ರದ ಪರಿಸರ ಸಚಿವಾಲಯ 2017ರಲ್ಲಿ ಹಸಿರು ಕೌಶಲ ಅಭಿವೃದ್ಧಿ ಕಾರ್ಯಕ್ರಮವನ್ನು ಆರಂಭಿಸಿತು. ಹಾಳಾದ ನೆಲವನ್ನು ಸರಿಪಡಿಸುವುದು, ಗಿಡಮರ ಗುರುತಿಸುವುದು, ಬಿದಿರಿನ ಸಸಿ ಎಬ್ಬಿಸುವುದು, ಇವೆಲ್ಲ ಈಗ ಕಲಿಯಬೇಕಾದ ವೃತ್ತಿಗಳಾಗಿವೆ. ಇದು ಒಳ್ಳೆಯ ಸುದ್ದಿ. ನಾನು ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಅಜ್ಜನ ಪ್ರಶ್ನೆ ಹಾಗೇ ಉಳಿಯಿತಲ್ಲ! ಕಡಿದದ್ದೂ ಅದೇ ಮನೆಯವರು, ನೆಡಬೇಕಾದವರೂ ಅದೇ ಮನೆಯವರು. ಕಡಿಯುವಾಗ ದಿನಗೂಲಿ, ನೆಡುವಾಗಲೂ ದಿನಗೂಲಿ.

ಪಾಪವಿಲ್ಲದೆಯೂ ಸಾಲವಿರಬಹುದು

ನಾವು ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕಲಿತ ಒಂದು ಪಾಠವಿದೆ. ಪಕ್ಕದ ಮನೆಯ ಹಸುವನ್ನು ಕದ್ದವನು ಪಾಪನಿವೇದನೆಗೆ ಬರುತ್ತಾನೆ. ಹಸು ಇನ್ನೂ ಅವನ ಕೊಟ್ಟಿಗೆಯಲ್ಲೇ ಇದೆ. ಬರೀ ಪ್ರಾರ್ಥನೆ ಹೇಳಿದರೆ ಸಾಕೇ? ಸಾಲದು. ಹಸುವನ್ನು ಹಿಂದಕ್ಕೆ ಕೊಡಬೇಕು. ಪಶ್ಚಾತ್ತಾಪ ಬೇರೆ, ಹಿಂದಿರುಗಿಸುವುದು ಬೇರೆ. ಒಂದು ಮನಸ್ಸಿನ ಕೆಲಸ, ಇನ್ನೊಂದು ನ್ಯಾಯದ ಕೆಲಸ. ಜಕ್ಕಾಯನನ್ನು ನೆನೆಸಿಕೊಳ್ಳಿ. ಅತ್ತಿಯ ಮರದಿಂದ ಇಳಿದು ಬಂದ ಆ ಸುಂಕದವನು ಯೇಸುಸ್ವಾಮಿಯ ಮುಂದೆ ಕಣ್ಣೀರು ಹಾಕಿ ಸುಮ್ಮನಾಗಲಿಲ್ಲ. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಲೆಕ್ಕ ಹೇಳಿದ.

ನಿಮ್ಮಲ್ಲಿ ಕೆಲವರು ಇಲ್ಲಿ ನನ್ನನ್ನು ತಡೆಯಬಹುದು: “ಫಾದರ್, ಕಾಡನ್ನು ಯಾರೂ ಕದಿಯಲಿಲ್ಲ. ಸರಕಾರದ ಪರವಾನಗಿ ಇತ್ತು. ಕಾಗದವಿಲ್ಲದಿದ್ದರೆ ನಮ್ಮ ಮಕ್ಕಳು ಪುಸ್ತಕ ಹಿಡಿಯುತ್ತಿದ್ದರೇ? ವಿದ್ಯುತ್ತಿಲ್ಲದೆ ನಾಡು ಮುಂದೆ ಬರುತ್ತಿತ್ತೇ?” ಈ ಮಾತಿನಲ್ಲಿ ಸತ್ಯವಿದೆ. ದಾಂಡೇಲಿಯಲ್ಲಿ ಎಷ್ಟೋ ಕುಟುಂಬಗಳು ಕಾರ್ಖಾನೆಯ ಸಂಬಳದಿಂದಲೇ ಮನೆ ಕಟ್ಟಿ ಮಕ್ಕಳನ್ನು ಓದಿಸಿದವು. ನೀವು ಕೈಯಲ್ಲಿ ಹಿಡಿದಿರುವ ಈ ವಾರಪತ್ರಿಕೆಯೂ ಕಾಗದವೇ. ಅಲ್ಲದೆ, 1988ರ ರಾಷ್ಟ್ರೀಯ ಅರಣ್ಯ ನೀತಿಯು ಕಾರ್ಖಾನೆಗಳು ತಮ್ಮ ಕಚ್ಚಾವಸ್ತುವನ್ನು ರೈತರ ನೆಲದಲ್ಲಿ ಬೆಳೆಸಿಕೊಳ್ಳಬೇಕೆಂದು ಹೇಳಿದ ಮೇಲೆ ದೇಶದ ಕಾಗದೋದ್ಯಮ ಬಹಳ ಮಟ್ಟಿಗೆ ಆ ದಾರಿಗೆ ಬಂದಿದೆ.

ಆದರೂ ಸಾಲ ಉಳಿದೇ ಇದೆ. ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಹಿಂದಿರುಗಿಸುವ ಕರ್ತವ್ಯದ ಬಗ್ಗೆ ಬರೆಯುವಾಗ ಒಂದು ಸೂಕ್ಷ್ಮವನ್ನು ಹೇಳಿದ್ದಾರೆ. ಕದ್ದವನು ಮಾತ್ರವಲ್ಲ, ಸಾಲ ಪಡೆದವನೂ ಹಿಂದಿರುಗಿಸಬೇಕು. ಸಾಲ ಪಡೆದವನು ಯಾವ ಪಾಪವನ್ನೂ ಮಾಡಿಲ್ಲ; ಕೊಟ್ಟವನ ಒಪ್ಪಿಗೆಯಿಂದಲೇ ಪಡೆದಿದ್ದಾನೆ. ಆದರೆ ಅದರಿಂದ ಅವನಿಗೆ ಉಪಕಾರವಾಗಿದೆ, ಆದ್ದರಿಂದ ಅವನು ಋಣಿ. ಅಂದರೆ ಪಾಪವಿಲ್ಲದ ಕಡೆಯೂ ಋಣವಿರಬಹುದು. ಆ ಋಣ ಯಾರದು? ಲಾಭ ಪಡೆದವರದು.

ಅದೇ ಸಂತರು ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತಾರೆ. ಅನ್ಯಾಯ ನಡೆದ ಕಡೆ ಹಲವರ ಕೈ ಸೇರಿದ್ದರೆ ಮೊದಲು ಹೊಣೆ ಯಾರು? ಆಜ್ಞೆ ಕೊಟ್ಟವನು ಮೊದಲು, ಅದನ್ನು ಕೈಯಾರೆ ಮಾಡಿದವನು ಆನಂತರ. ಸಲಹೆ ಕೊಟ್ಟವರು, ಒಪ್ಪಿದವರು, ಪಾಲು ಪಡೆದವರು, ತಡೆಯಬೇಕಾದ ಹೊಣೆಯಿದ್ದೂ ಬಾಯಿ ಮುಚ್ಚಿ ನಿಂತವರು, ಎಲ್ಲರೂ ಆ ಸಾಲಿನಲ್ಲಿ ಬರುತ್ತಾರೆ.

ಈ ಎರಡು ಮಾತುಗಳನ್ನು ನಮ್ಮ ಕಾಡಿಗೆ ಅನ್ವಯಿಸಿ ನೋಡಿ. ಬಿದಿರು ಕಡಿದ ಅಜ್ಜನಿಗೆ ಸಿಕ್ಕಿದ್ದು ಅಂದಿನ ಗಂಜಿಗಾಗುವಷ್ಟು ಕೂಲಿ. ಉಳಿದ ಲಾಭ ಎಲ್ಲಿಗೆ ಹೋಯಿತು? ಹುಬ್ಬಳ್ಳಿಗೆ, ಬೆಂಗಳೂರಿಗೆ, ಮುಂಬಯಿಗೆ. ಪುಸ್ತಕವಾಗಿ, ಬೆಳಕಾಗಿ, ಬಾಗಿಲು ಕಿಟಕಿಯಾಗಿ. ನಮ್ಮ ದೇವಾಲಯದ ಬಾಗಿಲೂ ಸಾಗುವಾನಿಯದೇ. ಪ್ರತಿ ಭಾನುವಾರ ಅದನ್ನು ತೆರೆಯುವಾಗ ನನ್ನ ಕೈಯೂ ಆ ಲೆಕ್ಕದಲ್ಲಿ ಸೇರುತ್ತದೆ. ಹಾಗಿದ್ದ ಮೇಲೆ ಈ ಸಾಲಿನ ಕೊನೆಯಲ್ಲಿ ನಿಂತಿರುವ ಅಜ್ಜನನ್ನೂ ಅವರ ಮೊಮ್ಮಗಳನ್ನೂ ಮುಂದಕ್ಕೆ ತಳ್ಳಿ, “ನೀವು ತೀರಿಸಿ” ಎನ್ನುವುದು ಯಾವ ನ್ಯಾಯ?

ಬೇರೆಯವರ ಕೈಯಲ್ಲಿ ಉಪವಾಸ

ಧರ್ಮಸಭೆಯ ಇತಿಹಾಸದಲ್ಲಿ ಇಂಥದೊಂದು ಪ್ರಸಂಗ ನಡೆದಿದೆ. ಪ್ರಾಯಶ್ಚಿತ್ತವೆಂದರೆ ವರ್ಷಗಟ್ಟಲೆ ಉಪವಾಸವೆಂದಿದ್ದ ಕಾಲವದು. ಕೆಲವು ಶ್ರೀಮಂತರು ಒಂದು ಉಪಾಯ ಕಂಡುಕೊಂಡರು: ತಮ್ಮ ಬದಲು ಬೇರೆಯವರಿಂದ ಉಪವಾಸ ಮಾಡಿಸುವುದು, ಬೇರೆಯವರಿಂದ ಕೀರ್ತನೆ ಹಾಡಿಸುವುದು. 747ರಲ್ಲಿ ಇಂಗ್ಲೆಂಡಿನ ಕ್ಲೋವೆಶೋ ಎಂಬಲ್ಲಿ ಸೇರಿದ ಬಿಷಪರ ಸಭೆಯ ಮುಂದೆ ಅಂಥವನೊಬ್ಬನ ವಿಷಯ ಬಂತು. ತನ್ನ ಪರವಾಗಿ ಬೇರೆಯವರು ಮಾಡಿದ ಉಪವಾಸ ಎಷ್ಟಾಗಿದೆಯೆಂದರೆ, ಇನ್ನು ಮುನ್ನೂರು ವರ್ಷ ಬದುಕಿದರೂ ತಾನು ಉಪವಾಸ ಮಾಡಬೇಕಾಗಿಲ್ಲ ಎಂದು ಅವನು ಹೇಳಿಕೊಂಡಿದ್ದನಂತೆ. ಬಿಷಪರು ಇದನ್ನು ಖಂಡಿಸಿದರು. ಹೀಗಾದರೆ ಬಡವನಿಗಿಂತ ಶ್ರೀಮಂತನಿಗೆ ಸ್ವರ್ಗ ಸುಲಭವಾಗಿಬಿಡುತ್ತದಲ್ಲ!

ನಗುತ್ತೀರಾ? ನಾನೂ ಗುರುಮಠದಲ್ಲಿ ಇದನ್ನು ಓದಿದಾಗ ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಕಾಡಿನ ಲಾಭ ಉಂಡವರು ನಾವು. ಕಾಡು ಬೆಳೆಸುವ ಬೆವರು ಮಾತ್ರ ಕಾಡಂಚಿನ ಸಿದ್ದಿಯದು, ಕುಣಬಿಯದು, ಗೌಳಿಯದು. ಅದೂ ಆದಷ್ಟು ಕಡಿಮೆ ಕೂಲಿಗೆ, ತಿಂಗಳುಗಟ್ಟಲೆ ತಡವಾಗಿ ಬರುವ ಕೂಲಿಗೆ. ಪರಿಸರ ದಿನದಂದು ನಾವು ಒಂದು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತೇವೆ. ಆ ಸಸಿಗೆ ಏಪ್ರಿಲ್ ತಿಂಗಳಲ್ಲಿ ನೀರು ಹೊರುವವರು ಬೇರೆ.

ತಪ್ಪು ತಿಳಿಯಬೇಡಿ. ಕಾಡಂಚಿನ ಜನರಿಗೆ ಈ ಕೆಲಸ ಬೇಡವೆಂದು ನಾನು ಹೇಳುತ್ತಿಲ್ಲ. ಬೇಕು, ಬೇರೆ ಯಾರಿಗಿಂತಲೂ ಮೊದಲು ಅವರಿಗೇ ಸಿಗಬೇಕು. ಜಗದ್ಗುರು ಎರಡನೆಯ ಜಾನ್ ಪೌಲರು 1981ರಲ್ಲಿ ದುಡಿಮೆಯ ಬಗ್ಗೆ ಹೊರಡಿಸಿದ ವಿಶ್ವಪತ್ರದಲ್ಲಿ, ಕೆಲಸದ ಬೆಲೆ ಅದರಿಂದ ಹುಟ್ಟುವ ವಸ್ತುವಿನಲ್ಲಿ ಮಾತ್ರವಲ್ಲ, ಅದನ್ನು ಮಾಡುವ ಮನುಷ್ಯನಲ್ಲಿದೆ ಎಂದು ಬೋಧಿಸಿದರು. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಒಟ್ಟಿಗೇ ಕೇಳಿಸಿಕೊಳ್ಳಬೇಕೆಂದರು. ಹಾಗಾದರೆ ಒಂದು ತರಬೇತಿಯನ್ನು ತೂಗಿ ನೋಡುವಾಗ ಎಷ್ಟು ಸಸಿ ನೆಟ್ಟರು ಎಂದಷ್ಟೇ ಕೇಳಿದರೆ ಸಾಲದು. ನೆಟ್ಟ ಮನುಷ್ಯ ಏನಾದ ಎಂದೂ ಕೇಳಬೇಕು. ಅದಕ್ಕಾಗಿ ಮೂರು ಪ್ರಶ್ನೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು: ಕಲಿಸುವವರು ಯಾರು?

1970ರ ದಶಕದ ಮಧ್ಯದಲ್ಲಿ ಬಿದಿರು ಸಿಗದೆ ಕಂಗೆಟ್ಟ ಬುಟ್ಟಿ ಹೆಣೆಯುವವರ ಕೂಗು ಸರಕಾರವನ್ನು ಮುಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರು ಮತ್ತು ಅವರ ಸಂಗಡಿಗರು ರಾಜ್ಯದ ಬಿದಿರಿನ ಸ್ಥಿತಿಯನ್ನು ಅಧ್ಯಯನ ಮಾಡಿದರು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ದಟ್ಟವಾಗಿ ಹೆಣೆದುಕೊಂಡಿರುತ್ತವೆ. ಅವನ್ನು ಸವರಿ ತೆಗೆದರೆ ಮೆಳೆಗೆ ಗಾಳಿ ಬೆಳಕು ಸಿಕ್ಕಿ ಚೆನ್ನಾಗಿ ಬೆಳೆಯುತ್ತದೆ, ಕಡಿಯುವುದೂ ಸುಲಭ ಎಂದು ತಜ್ಞರ ನಂಬಿಕೆ. ಕೆಲಸಗಾರರಿಗೆ ಕಲಿಸಿದ್ದೂ ಅದನ್ನೇ. ಆದರೆ ಹಳ್ಳಿಯ ಜನ ಗಾಡ್ಗೀಳರಿಗೆ ಬೇರೆಯೇ ಮಾತು ಹೇಳಿದರು: ಆ ಮುಳ್ಳೇ ಬಿದಿರಿನ ಬೇಲಿ, ಅದನ್ನು ತೆಗೆದರೆ ಹೊಸದಾಗಿ ಏಳುವ ಕಳಲೆಯನ್ನು ದನಕರು, ಕಾಡುಪ್ರಾಣಿಗಳು ತಿಂದುಹಾಕುತ್ತವೆ. ಪರೀಕ್ಷಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವೆಂದು ಕಂಡಿತು.

ನೋಡಿದಿರಾ? ತಿಳಿದವರಿಗೆ ತಿಳಿಯದವರು ತರಬೇತಿ ಕೊಟ್ಟರು. ತಿಳಿದವರು ಕೂಲಿಯ ಸ್ಥಾನದಲ್ಲಿದ್ದುದರಿಂದ ಎದುರಾಡಲಿಲ್ಲ.

ಎಲ್ಲ ತಜ್ಞರೂ ಹೀಗೆ ಎಂದಲ್ಲ. 1985ರಲ್ಲಿ ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ ಆರಂಭವಾದ ಮೇಲೆ ನಮ್ಮ ಜಿಲ್ಲೆಯಲ್ಲೇ ಅರಣ್ಯಶಾಸ್ತ್ರದ ಕಲಿಕೆ ನಡೆದಿದೆ. ಪುಸ್ತಕದ ವಿದ್ಯೆಯೂ ಬೇಕು. ಅಜ್ಜನ ಮೊಮ್ಮಗಳಿಗೆ ತರಬೇತಿಯಲ್ಲಿ ಸಾಗುವಾನಿಯ ಬೀಜವನ್ನು ರಾತ್ರಿ ನೆನೆಸಿ ಹಗಲು ಒಣಗಿಸಿ, ಹೀಗೆ ಹಲವು ದಿನ ಮಾಡಿ ಗಟ್ಟಿ ಸಿಪ್ಪೆಯನ್ನು ಮೆತ್ತಗಾಗಿಸುವುದನ್ನು ಹೇಳಿಕೊಟ್ಟಿದ್ದರು. ಅದು ಉಪಯುಕ್ತ. ಆದರೆ ಹಲಸು, ನೇರಳೆ, ರಾಮಪತ್ರೆಯಂಥವಕ್ಕೆ ಆ ಕ್ರಮ ನಡೆಯದು. ಅವುಗಳ ಬೀಜ ಒಣಗಿದರೆ ಸತ್ತಂತೆಯೇ. ಹಣ್ಣು ಬಿದ್ದ ಕೆಲವೇ ದಿನಗಳಲ್ಲಿ ಮಣ್ಣು ಸೇರಬೇಕು. ಯಾವ ಹಳ್ಳದ ಪಕ್ಕದ ಯಾವ ಮರ ಯಾವ ವಾರ ಹಣ್ಣು ಉದುರಿಸುತ್ತದೆ ಎಂಬುದು ಯಾವ ಪುಸ್ತಕದಲ್ಲಿದೆ? ಅದು ಅಜ್ಜನ ತಲೆಯಲ್ಲಿದೆ. ತರಬೇತಿಯ ಮೂರು ದಿನಗಳಲ್ಲಿ ಒಂದು ದಿನವನ್ನಾದರೂ ಅಂಥ ಅಜ್ಜ-ಅಜ್ಜಿಯರಿಗೆ ಬಿಟ್ಟುಕೊಟ್ಟು, ಉಪನ್ಯಾಸಕರಿಗೆ ಕೊಡುವ ಗೌರವಧನವನ್ನೇ ಅವರಿಗೂ ಕೊಟ್ಟರೆ ತಪ್ಪೇನು?

ಎರಡನೆಯದು: ಕೊಟ್ಟ ವಿದ್ಯೆ ಪೂರ್ತಿಯೇ, ತುಂಡೇ?

ಪಾಲಿಥೀನ್ ಚೀಲಕ್ಕೆ ಮಣ್ಣು ತುಂಬುವುದನ್ನು ಕಲಿಸುವುದು ತುಂಡು ವಿದ್ಯೆ. ಅದನ್ನು ಕಲಿತವನು ಯಾವಾಗಲೂ ಇನ್ನೊಬ್ಬನ ಕೈಕೆಳಗೇ ಇರಬೇಕು. ಒಂದು ಉದಾಹರಣೆ ಕೊಡುತ್ತೇನೆ. ಲಂಟಾನ ನಮ್ಮ ನಾಡಿನ ಎಷ್ಟೋ ಕಾಡುಗಳನ್ನು ಆವರಿಸಿದೆ. ಅದನ್ನು ಮೇಲಿಂದ ಕೊಚ್ಚಿದರೆ ಮತ್ತೆ ಚಿಗುರುತ್ತದೆ. ನೆಲದಿಂದ ಕೆಲವು ಅಂಗುಲ ಕೆಳಗೆ ಬೇರನ್ನು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿಸಿ ಇಡಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸುತ್ತವೆ. ಮುಂದಿನ ಮಳೆಗೆ ಸಸಿ ಏಳುತ್ತದೆ, ಅದನ್ನು ಕೀಳಬೇಕು. ತೆರವಾದ ಜಾಗದಲ್ಲಿ ಅಲ್ಲಿಯದೇ ಹುಲ್ಲು, ಅಲ್ಲಿಯದೇ ಗಿಡ ಬರುವಂತೆ ನೋಡಿಕೊಳ್ಳಬೇಕು. ಇದು ಒಂದು ವರ್ಷದ ಗುತ್ತಿಗೆಯ ಕೆಲಸವಲ್ಲ, ಹಲವು ವರ್ಷಗಳ ಜವಾಬ್ದಾರಿ. ಆ ಜವಾಬ್ದಾರಿಯನ್ನು ಪೂರ್ತಿಯಾಗಿ ಹೊರಬಲ್ಲವನು ಕುಶಲಕರ್ಮಿ. ಕತ್ತಿ ಹಿಡಿದು ಒಂದು ವಾರ ಕೊಚ್ಚಿ ಹೋಗುವವನು ಕೂಲಿ. ಇಬ್ಬರೂ ಅದೇ ಮನುಷ್ಯನೇ ಆಗಿರಬಹುದು. ವ್ಯತ್ಯಾಸ ಇರುವುದು ನಾವು ಅವನಿಗೆ ಏನನ್ನು ಒಪ್ಪಿಸಿದೆವು ಎಂಬುದರಲ್ಲಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದೇ ಲಂಟಾನ ಕಡ್ಡಿಯಿಂದ ಪೀಠೋಪಕರಣ ಮಾಡುವುದನ್ನು ಕಲಿತರು; ಅದರಿಂದ ಕಟ್ಟಿದ ಆನೆಗಳನ್ನು ನೋಡಿ ಪಟ್ಟಣದವರು ಬೆರಗಾದರು. ಕಳೆಯೊಂದು ಅವರ ಕೈಯಲ್ಲಿ ಕಸುಬಾಯಿತು.

ನಮ್ಮ ಹುಡುಗಿಗೂ ಅಷ್ಟು ವಿದ್ಯೆ ಬೇಕು. ಬೀಜ ಆರಿಸುವುದು, ಸಸಿ ಎಬ್ಬಿಸುವುದು, ಎಲ್ಲಿ ಯಾವುದನ್ನು ನೆಡಬೇಕೆಂದು ನಿರ್ಧರಿಸುವುದು, ಮೂರನೆಯ ವರ್ಷಕ್ಕೆ ಎಷ್ಟು ಉಳಿದವೆಂದು ಎಣಿಸಿ ಬರೆಯುವುದು, ಖರ್ಚಿನ ಲೆಕ್ಕ ಇಡುವುದು. ಆಗ ಆಕೆ ಇನ್ನೊಬ್ಬರ ಕೈಗೆ ಕಾಯಬೇಕಿಲ್ಲ.

ಮೂರನೆಯದು: ಕಲಿತ ಮೇಲೆ ಏನು?

ಇದೇ ಎಲ್ಲಕ್ಕಿಂತ ಕಹಿಯಾದ ಪ್ರಶ್ನೆ. ನಮ್ಮ ಜಿಲ್ಲೆಗೆ ಇದರ ಅನುಭವ ಹಿಂದೆಯೇ ಆಗಿದೆ. 1990ರ ದಶಕದಲ್ಲಿ ಬ್ರಿಟಿಷ್ ಸರಕಾರದ ನೆರವಿನಿಂದ ಪಶ್ಚಿಮಘಟ್ಟ ಅರಣ್ಯ ಯೋಜನೆ ಉತ್ತರ ಕನ್ನಡದಲ್ಲಿ ನಡೆಯಿತು. 1993ರ ಸರಕಾರಿ ಆದೇಶದಂತೆ ಊರೂರಿನಲ್ಲಿ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಜನ ಸಭೆ ಸೇರಿದರು, ಕಲಿತರು, ನೆಟ್ಟರು, ಫಲದಲ್ಲಿ ಪಾಲು ಸಿಗುತ್ತದೆಂದು ಕಾದರು. ಕೆಲವೆಡೆ ಒಳ್ಳೆಯದಾಯಿತು. ಆದರೆ ಹೊರಗಿನ ಹಣ ನಿಂತ ಮೇಲೆ ಅನೇಕ ಸಮಿತಿಗಳು ಹೆಸರಿಗಷ್ಟೇ ಉಳಿದವು. ಅದಕ್ಕೇ ಇಂದು ಹೊಸ ತರಬೇತಿ ಎಂದಾಗ ಹಿರಿಯರು ಮುಖ ತಿರುಗಿಸುತ್ತಾರೆ. ಅದನ್ನು ಸೋಮಾರಿತನ ಎನ್ನಬೇಡಿ.

ಇದಕ್ಕೆ ಉಲ್ಟಾ ಇರುವ ಮಾದರಿಯೂ ನಮ್ಮ ನಾಡಿನಲ್ಲೇ ಇದೆ. 1982ರಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮುತುವರ್ಜಿಯಿಂದ, ಬ್ಯಾಂಕುಗಳ ಜೊತೆಗೂಡಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಶುರುವಾಯಿತು. ಊಟ-ವಸತಿಯೊಂದಿಗೆ ಉಚಿತ ತರಬೇತಿ, ಮುಗಿದ ಮೇಲೆ ಬ್ಯಾಂಕ್ ಸಾಲಕ್ಕೆ ದಾರಿ, ಆಮೇಲೂ ಬೆನ್ನ ಹಿಂದೆ ನಿಲ್ಲುವುದು. ಈ ಮಾದರಿಯೇ ಮುಂದೆ ದೇಶದ ಜಿಲ್ಲೆಗಳಿಗೆಲ್ಲ ಹರಡಿತು. ನಮ್ಮ ಹಳಿಯಾಳದಲ್ಲೂ ಅಂಥದೊಂದು ಸಂಸ್ಥೆ ಇದೆ. ತರಬೇತಿ ಮುಗಿದ ಎರಡು ವರ್ಷಗಳವರೆಗೆ ಕಲಿತವರನ್ನು ವಿಚಾರಿಸಿಕೊಳ್ಳಬೇಕೆಂಬುದು ಆ ಪದ್ಧತಿಯ ಒಂದು ಭಾಗ. ಹೊಲಿಗೆಗೆ, ಹೈನುಗಾರಿಕೆಗೆ ಇಷ್ಟು ಕಾಳಜಿ ಸಾಧ್ಯವಾದರೆ ಕಾಡು ಬೆಳೆಸುವ ವೃತ್ತಿಗೆ ಏಕಾಗಬಾರದು?

ಇನ್ನೊಂದು ಬಾಗಿಲೂ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಂಚಿನ ಸಮುದಾಯಗಳಿಗೆ ತಮ್ಮ ಸಾಮೂಹಿಕ ಅರಣ್ಯವನ್ನು ಕಾಯುವ, ಪುನಃ ಬೆಳೆಸುವ ಹಕ್ಕನ್ನು ಗುರುತಿಸಿದೆ. ಗಮನಿಸಿ: ಇದು ಕೂಲಿ ಕೊಡುವ ಯೋಜನೆಯಲ್ಲ, ಹಕ್ಕು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಜೋಯಿಡಾದ ಕುಣಬಿಗಳು ತಮಗೂ ಅದು ಬೇಕೆಂದು ಬಹುಕಾಲದಿಂದ ಕೇಳುತ್ತ ಬಂದಿದ್ದಾರೆ. ಜೋಯಿಡಾದ ಗೆಡ್ಡೆ-ಗೆಣಸು ಮೇಳಕ್ಕೆ ಹೋದವರಿಗೆ ಗೊತ್ತು, ಬಗೆಬಗೆಯ ಗೆಡ್ಡೆಗಳ ತಳಿಗಳನ್ನು ಇಷ್ಟು ಕಾಲ ಉಳಿಸಿಕೊಂಡು ಬಂದದ್ದು ಯಾವ ಇಲಾಖೆಯೂ ಅಲ್ಲ, ಕುಣಬಿ ಮನೆಗಳ ಹೆಂಗಸರು. ಕಾಯುವ ವಿದ್ಯೆ ಅವರಲ್ಲಿದೆ. ಹಕ್ಕುಪತ್ರವಿಲ್ಲದ ಕಡೆ ಆ ವಿದ್ಯೆ ನಾಳೆಯ ಭರವಸೆಯಾಗುವುದಿಲ್ಲ. ತಾನು ನೆಟ್ಟ ಮರದ ನೆರಳಿನಿಂದ ತನ್ನನ್ನೇ ಎಬ್ಬಿಸಿ ಕಳಿಸಬಹುದೆಂಬ ಭಯವಿರುವವನು ಮನಸ್ಸಿಟ್ಟು ನೆಡುವುದು ಹೇಗೆ?

ನಮ್ಮ ಮನೆಗಳಲ್ಲಿ

“ಇದೆಲ್ಲ ಸರಕಾರದ ಕೆಲಸ, ನಾವೇನು ಮಾಡಲು ಸಾಧ್ಯ?” ಎಂದು ಕೇಳುತ್ತೀರಿ. ಋಣ ನಮ್ಮದೂ ಆಗಿದ್ದರೆ ಕೆಲಸವೂ ನಮ್ಮದೇ.

ಮೊದಲು ಕೂಲಿಯ ವಿಷಯ. ದಿನಗೂಲಿಯವನ ಹಣವನ್ನು ಸೂರ್ಯ ಮುಳುಗುವ ಮುಂಚೆ ಕೊಡಬೇಕೆಂಬುದು ಮೋಶೆಯ ಕಾಲದ ಧರ್ಮಶಾಸ್ತ್ರ. ನಿಮ್ಮ ತೋಟದಲ್ಲಿ ಗುಂಡಿ ತೋಡಿದವನಿಗೆ, ಬೇಲಿ ಕಟ್ಟಿದವಳಿಗೆ ಅಂದೇ ಕೊಡಿ. ಗಂಡಿಗಿ‌ಷ್ಟು ಹೆಣ್ಣಿಗಿಷ್ಟು ಎಂದು ಭೇದ ಮಾಡಬೇಡಿ. ಮನೆ ಕಟ್ಟುವಾಗ ಬಾಗಿಲಿಗೆ ಸಾಗುವಾನಿಯೇ ಬೇಕೆಂದು ಹಟ ಹಿಡಿಯುವವರು, ಅದರ ಬೆಲೆಯ ಒಂದು ಪಾಲನ್ನು ಕಾಡಂಚಿನ ಒಬ್ಬ ಯುವಕನ ಅಥವಾ ಯುವತಿಯ ತರಬೇತಿಗೆ ಎತ್ತಿಡಿ. ಅದನ್ನು ದಾನವೆನ್ನಬೇಡಿ, ಸಾಲದ ಕಂತು ಎನ್ನಿ.

ಪಾಲಕರಿಗೆ ಒಂದು ಮಾತು. ಮಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಹೋದರೆ ಹೆಮ್ಮೆಯಿಂದ ಹೇಳುತ್ತೇವೆ. ಮಗಳು ನರ್ಸರಿಯಲ್ಲಿ ಕೆಲಸ ಮಾಡಿದರೆ “ಮಣ್ಣು ಹೊರುವ ಕೆಲಸ” ಎಂದು ಮುಚ್ಚಿಡುತ್ತೇವೆ. ಆದಿಕಾಂಡದಲ್ಲಿ ದೇವರು ಮೊದಲ ಮಾನವನಿಗೆ ಒಪ್ಪಿಸಿದ ಕೆಲಸ ತೋಟದ ಕೆಲಸವೇ: ಅದನ್ನು ಸಾಗುವಳಿ ಮಾಡುವುದು ಮತ್ತು ಕಾಯುವುದು. ಆ ಕೆಲಸವನ್ನು ಕೀಳೆಂದು ನೋಡುವ ಮನೆಯಲ್ಲಿ ಮಕ್ಕಳು ಅದನ್ನು ಹೇಗೆ ಪ್ರೀತಿಸಿಯಾರು?

ಕೊನೆಗೆ ನನ್ನ ಮನೆಯ ವಿಷಯ, ಅಂದರೆ ಧರ್ಮಕೇಂದ್ರದ್ದು. ದೇವಾಲಯದ ಹಿಂದೆ ಐದು ಗುಂಟೆ ಜಾಗ ಕಳೆ ಬೆಳೆದು ಬಿದ್ದಿತ್ತು. ಈಸ್ಟರ್ ಮುಗಿದ ಮೇಲೆ ನಾನು ಅಜ್ಜನ ಹಳ್ಳಿಗೆ ಹೋದೆ. ಅಂಗಳದಲ್ಲಿ ಕೂತು, ಹಿಂದೆ ಕೊಡದ ಉತ್ತರವನ್ನು ಕೊಟ್ಟೆ. “ಅಜ್ಜಾ, ನೀವು ಕೇಳಿದಿರಲ್ಲ, ಅದು ದಂಡವಲ್ಲ. ಸಾಲ ನಮ್ಮದು, ವಿದ್ಯೆ ನಿಮ್ಮದು. ನಾವು ನಿಮಗೆ ಕೊಡಬೇಕಾದದ್ದಿದೆ.” ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಪಗಾರ ತಿಂಗಳಾ ತಿಂಗಳಾ ಕೊಡ್ತೀರೇನ್ರಿ?”

ಸರಿಯಾದ ಪ್ರಶ್ನೆ. ಧರ್ಮಕೇಂದ್ರದ ಸಮಿತಿಯಲ್ಲಿ ಅದರ ಬಗ್ಗೆ ಚರ್ಚೆಯೇ ಆಯಿತು. “ಭಕ್ತರು ಸೇವೆಯಾಗಿ ಮಾಡಲಿ” ಎಂದರು ಕೆಲವರು. ಬಡವರ ಮನೆಯ ಸೇವೆಯಿಂದ ನಮ್ಮ ಸಾಲ ತೀರಿಸಿಕೊಳ್ಳುವುದು ಬೇಡವೆಂದೆ. ಈಗ ಒಂದು ವರ್ಷದ ಸಂಬಳಕ್ಕೆ ಬೇಕಾದ ಹಣ ಸೇರಿದೆ. ಎರಡನೆಯ ವರ್ಷದ್ದು ಸೇರಬೇಕು. ಹುಡುಗಿ ಹೋಂಸ್ಟೇ ಕೆಲಸ ಬಿಟ್ಟು ಬಂದಿದ್ದಾಳೆ. ಒಂದು ನೋಟುಪುಸ್ತಕದಲ್ಲಿ ಅಜ್ಜ ಹೇಳಿದಂತೆ ಬರೆಯುತ್ತಿದ್ದಾಳೆ: ಹೊನ್ನೆ ಯಾವಾಗ, ಮತ್ತಿ ಯಾವಾಗ, ಮುರುಗಲು ಯಾವಾಗ, ಉಪ್ಪಾಗೆ ಯಾವಾಗ. ಈ ಮಳೆಗಾಲದಲ್ಲಿ ಎದ್ದ ಸಸಿಗಳಲ್ಲಿ ಎಷ್ಟೋ ಸತ್ತವು. ಏಕೆ ಸತ್ತವೆಂದು ಅದನ್ನೂ ಬರೆದಿಟ್ಟಿದ್ದಾಳೆ.

ಐದು ಗುಂಟೆಯಿಂದ ಕಾಳಿಯ ಕಣಿವೆ ಹಸಿರಾಗುವುದಿಲ್ಲ, ನನಗೆ ಗೊತ್ತು. ಆದರೆ ತೀರಿಸಲು ಶುರು ಮಾಡಿದ ಸಾಲಕ್ಕೂ, ನೆನಪೇ ಇಲ್ಲದ ಸಾಲಕ್ಕೂ ಬಹಳ ವ್ಯತ್ಯಾಸವಿದೆ. ಪ್ರಿಯ ಓದುಗರೇ, ನಿಮ್ಮ ಮನೆಯ ಬಾಗಿಲನ್ನು ಇಂದು ತೆರೆಯುವಾಗ ಒಮ್ಮೆ ಅದರ ಮರವನ್ನು ಮುಟ್ಟಿ ನೋಡಿ. ಅದನ್ನು ಕಡಿದ ಕೈ ಯಾವುದು, ಆ ಕೈಗೆ ಸಿಕ್ಕಿದ್ದೆಷ್ಟು, ಆ ಮನೆಯ ಮಕ್ಕಳು ಇಂದು ಏನು ಮಾಡುತ್ತಿದ್ದಾರೆ ಎಂದು ಕೇಳಿಕೊಳ್ಳಿ. ಉತ್ತರ ಗೊತ್ತಿದ್ದವರು ನನ್ನ ಧರ್ಮಕೇಂದ್ರದವರೇ ಆಗಿದ್ದರೆ, ಬರುವ ಭಾನುವಾರ ಪೂಜೆಯ ನಂತರ ಜಗಲಿಗೆ ಬನ್ನಿ. ಎರಡನೆಯ ವರ್ಷದ ಪಗಾರದ ಮಾತಾಡೋಣ.